ಸೀಧುವೂ ರಮ್ಮೂ: ಹಸಿ ಕಬ್ಬಿನ ರಸದ ಮದ್ಯವನ್ನು ಕುರಿತು ಒಂದು ವಿಚಾರ

ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳೊಳಗೆ ಮಧುಪಾನವನ್ನೂ ದಂಡಿಯು ಕಾವ್ಯಾದರ್ಶದಲ್ಲಿ ಎಣಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ನಮ್ಮ ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಪಾನಗೋಷ್ಠಿಯ ವರ್ಣನೆಯುಂಟು. ಆದಕಾರಣ ಮದ್ಯದ ವಾಸನೆಯನ್ನೂ ಅರಿಯದ ನನ್ನಂಥ ಪಾಠಶಾಲೆಯ ಪಂಡಿತರು ಸಹ ಸುರೆ, ಆಸವ, ಮೈರೇಯ, ಸೀಧು ಎಂಬ ಶಬ್ದಗಳಿಗೆ ಶಿಷ್ಯರ ಮುಂದೆ ಅರ್ಥವನ್ನು ಹೇಳಲೇಬೇಕಾಗಿದೆ. ನಾನು ಬಹುಕಾಲದಿಂದ ‘ಸೀಧು’ವೆಂದರೆ ‘ರಮ್ಮು’ ಎಂದೇ ಹೇಳಿಕೊಂಡು ಬಂದವನು. ಹತ್ತೊಂಬತ್ತನೆಯ ಶತಮಾನದ ಸಂಸ್ಕೃತ–ಆಂಗ್ಲ ಕೋಶಗಳಲ್ಲಿ ಹಾಗೆಯೇ ಇದೆ. ಅದನ್ನು ನೋಡಿ ಬರೆದ ದೇಶಭಾಷೆಯ ಟಿಪ್ಪಣಿಗಳಲ್ಲಿಯೂ ಹಾಗೆಯೇ ಇದೆ.

ಕೆಲವು ವರ್ಷಗಳ ಹಿಂದೆ, ಕಬ್ಬು ಬೆಳೆಯುವ ಮನೆತನದಿಂದ ಬಂದ ಒಬ್ಬ ವಿದ್ಯಾರ್ಥಿಯು ಪಾಠದ ನಡುವೆ ಎದ್ದು, “ಗುರುಗಳೇ, ರಮ್ಮನ್ನು ಕಾಕಂಬಿಯಿಂದಲ್ಲವೇ ಮಾಡುವುದು? ಹಸಿ ರಸದಿಂದ ಮಾಡಿದರೂ ಅದು ರಮ್ಮೇ ಆಗುವುದೇ? ಸೀಧುವು ಇವೆರಡರಲ್ಲಿ ಯಾವುದು?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಕೋಶದ ಒಂದು ಪದವನ್ನು ಇನ್ನೊಂದು ಪದದ ಮೇಲೆ ಇಟ್ಟಮಾತ್ರಕ್ಕೆ ವಸ್ತುಜ್ಞಾನವಾಗದೆಂಬುದು ಆ ದಿನ ನನಗೆ ಮನದಟ್ಟಾಯಿತು. ಆ ಪ್ರಶ್ನೆಯನ್ನು ಬೆನ್ನಟ್ಟಿ ನಾನು ತಿಳಿದುಕೊಂಡುದನ್ನು, ನನ್ನಂತೆಯೇ ತಪ್ಪಿ ಹೇಳುತ್ತಿರಬಹುದಾದ ಅಧ್ಯಾಪಕರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸುತ್ತೇನೆ.

೧. ರಸದಿಂದ ಕಾಕಂಬಿಯವರೆಗೆ

ಮೊದಲು ವಸ್ತುವನ್ನು ನೋಡೋಣ. ಆಲೆಮನೆಯನ್ನು ಕಂಡವರಿಗೆ ಇದು ಸುಲಭ. ಗಾಣದಿಂದ ಇಳಿದುದು ರಸ; ಕೊಪ್ಪರಿಗೆಯಲ್ಲಿ ಕಾದು ಅರ್ಧ ಗಟ್ಟಿಯಾದರೆ ಜೋನಿಬೆಲ್ಲ; ಪೂರ್ಣ ಪಾಕವಾಗಿ ಅಚ್ಚಿಗೆ ಬಿದ್ದರೆ ಬೆಲ್ಲ. ಸಕ್ಕರೆಯ ಕಾರ್ಖಾನೆಯಲ್ಲಿ ರಸಕ್ಕೆ ಸುಣ್ಣವನ್ನು ಹಾಕಿ ಕಶ್ಮಲವನ್ನು ತೆಗೆದು, ಕುದಿಸಿ, ಹರಳುಗಟ್ಟಿಸಿ, ಹರಳನ್ನು ಬೇರ್ಪಡಿಸುತ್ತಾರೆ. ಇನ್ನು ಹರಳು ಹುಟ್ಟದೆ ಉಳಿಯುವ ಕಪ್ಪು ದ್ರವವೇ ಕಾಕಂಬಿ. ೧೯೩೩ರಲ್ಲಿ ಮಂಡ್ಯದ ಕಾರ್ಖಾನೆಯು ಸ್ಥಾಪಿತವಾದಮೇಲೆ ಈ ಹೆಸರು ಮೈಸೂರು ಸೀಮೆಯ ರೈತರಿಗೆಲ್ಲ ಪರಿಚಿತವಾಯಿತು.

ಲೋಕದಲ್ಲಿ ಮಾರಾಟವಾಗುವ ರಮ್ಮಿನ ಬಹುಭಾಗವು ಈ ಕಾಕಂಬಿಯಿಂದ ಹುಟ್ಟುತ್ತದೆ. ಅದರ ಕಾರಣವೂ ಸ್ಪಷ್ಟ. ಕಾಕಂಬಿಯು ಬಹಳ ಗಟ್ಟಿಯಾದುದರಿಂದ ಕೆಡುವುದಿಲ್ಲ, ತಿಂಗಳುಗಟ್ಟಲೆ ಇಡಬಹುದು, ಹಡಗಿನಲ್ಲಿ ದೂರಕ್ಕೆ ಸಾಗಿಸಬಹುದು, ಕಬ್ಬೇ ಬೆಳೆಯದ ನಾಡಿನಲ್ಲಿಯೂ ಅದರಿಂದ ಮದ್ಯವನ್ನು ಮಾಡಬಹುದು. ಹಸಿ ರಸದ ಸ್ವಭಾವವು ಇದಕ್ಕೆ ತೀರ ವಿರುದ್ಧ. ಕಬ್ಬನ್ನು ಕಡಿದ ಕ್ಷಣದಿಂದಲೇ ಅದರೊಳಗಿನ ಸಕ್ಕರೆಯು ಒಡೆಯತೊಡಗುತ್ತದೆ. ಕಡಿದ ಬಾಯಿಯಿಂದ ಸೂಕ್ಷ್ಮಜೀವಿಗಳು ಒಳಹೊಕ್ಕು ರಸವನ್ನು ಲೋಳೆಯಾಗಿಸುತ್ತವೆ, ಹುಳಿಯಾಗಿಸುತ್ತವೆ. ಒಂದೆರಡು ದಿನಗಳೊಳಗೆ ಅರೆಯದಿದ್ದರೆ ಕಬ್ಬು ಕೆಟ್ಟಿತು. ಅರೆದ ರಸವನ್ನು ಕೆಲವು ಗಂಟೆಗಳೊಳಗೆ ಹುದುಗಿಗೆ ಇಡದಿದ್ದರೆ ರಸ ಕೆಟ್ಟಿತು. ಹೀಗಾಗಿ ಹಸಿ ರಸದ ಮದ್ಯವು ಹೊಲದ ಪಕ್ಕದಲ್ಲಿಯೇ, ಕೊಯ್ಲಿನ ಕಾಲದಲ್ಲಿಯೇ, ಗಾಣವು ಒಂದು ದಿನದಲ್ಲಿ ಅರೆಯುವಷ್ಟು ಪ್ರಮಾಣದಲ್ಲಿಯೇ ಆಗಬೇಕು. ಇಂಥ ಮದ್ಯವನ್ನು ಮಾಡುವವರು ಬಹುಮಟ್ಟಿಗೆ ಸಣ್ಣವರಾಗಿಯೂ ಸ್ಥಳೀಯರಾಗಿಯೂ ಉಳಿದಿರುವುದಕ್ಕೆ ಕಬ್ಬಿನ ಈ ಅಸ್ಥಿರತ್ವವೇ ಮೂಲಕಾರಣವು.

೨. ಮಾರ್ತಿನೀಕ್ ದ್ವೀಪದ ವೃತ್ತಾಂತ

ಕಬ್ಬು ಅಮೆರಿಕಖಂಡದ ಸಸ್ಯವಲ್ಲ. ಮೂಲದಲ್ಲಿ ನ್ಯೂಗಿನಿಯ ಕಡೆಯದಾದ ಅದು ಭರತಖಂಡದಲ್ಲಿ ಬೆಳೆದು, ಪಾರಸೀಕ ಅರಬ್ಬೀ ದೇಶಗಳನ್ನು ದಾಟಿ, ೧೪೯೩ರಲ್ಲಿ ಕೊಲಂಬಸನ ಎರಡನೆಯ ಯಾತ್ರೆಯಲ್ಲಿ ಕೆರೀಬಿಯನ್ ದ್ವೀಪಗಳಿಗೆ ಹೋಯಿತು. ಅದರೊಡನೆ ನಮ್ಮ ಶಬ್ದಗಳೂ ಪಯಣ ಮಾಡಿದುವು. ‘ಶರ್ಕರಾ’ ಶಬ್ದವೇ ಯುರೋಪಿನ ಭಾಷೆಗಳಲ್ಲಿ ‘ಶುಗರ್’ ಮೊದಲಾದ ರೂಪಗಳನ್ನು ತಾಳಿತು. ‘ಖಂಡ’ ಶಬ್ದವು ‘ಕ್ಯಾಂಡಿ’ಯಾಯಿತು. ಆದರೆ ‘ರಮ್ಮು’ ಅಲ್ಲಿಯೇ ಹುಟ್ಟಿದ ಮಾತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಬಳಕೆಯಲ್ಲಿದ್ದ ‘ರಂಬುಲ್ಲಿಯನ್’ ಎಂಬ ಶಬ್ದದೊಡನೆ ಅದನ್ನು ಜೋಡಿಸುತ್ತಾರೆ. ಅದೇ ಪಾನೀಯಕ್ಕೆ ‘ಕಿಲ್ ಡೆವಿಲ್’, ಎಂದರೆ ದೆವ್ವವನ್ನು ಕೊಲ್ಲುವುದು, ಎಂಬ ಅಡ್ಡಹೆಸರಿತ್ತು. ಅದು ಫ್ರೆಂಚರ ಬಾಯಲ್ಲಿ ‘ಗಿಲ್ದೀವ್’ ಆಯಿತು.

ಫ್ರೆಂಚರ ವಶದಲ್ಲಿದ್ದ ಮಾರ್ತಿನೀಕಿಗೆ ೧೬೯೪ರಲ್ಲಿ ಬಂದ ಲಬಾ ಎಂಬ ಪಾದ್ರಿಯು ೧೭೨೨ರಲ್ಲಿ ಪ್ರಕಟವಾದ ತನ್ನ ಯಾತ್ರಾಗ್ರಂಥದಲ್ಲಿ ಸಕ್ಕರೆಯ ಕೆಲಸವನ್ನು ಸವಿಸ್ತರವಾಗಿ ವರ್ಣಿಸಿದ್ದಾನೆ. ಅಂದಿನ ಮದ್ಯವು ಸಕ್ಕರೆಯ ಕೊಪ್ಪರಿಗೆಯ ನೊರೆಯಿಂದಲೂ ಉಳಿದ ಪಾಕದಿಂದಲೂ ಆಗುತ್ತಿದ್ದುದು. ಎಂದರೆ ಸಕ್ಕರೆಯ ಕಸದಿಂದ ಹುಟ್ಟಿದುದು. ಆ ಸಕ್ಕರೆಯನ್ನಾದರೋ ಆಫ್ರಿಕದಿಂದ ಹಿಡಿದು ತಂದ ದಾಸರು ತಮ್ಮ ದೇಹವನ್ನು ಸವೆಯಿಸಿ ಬೆಳೆಯುತ್ತಿದ್ದರು. ೧೮೪೮ರಲ್ಲಿ ದಾಸ್ಯವು ರದ್ದಾಯಿತು. ಕೂಲಿಗಳ ಅಭಾವವನ್ನು ತುಂಬಲು ೧೮೫೩ರಿಂದ ಮುಂದಕ್ಕೆ ಸುಮಾರು ೨೫,೦೦೦ ಮಂದಿ ಭಾರತೀಯರನ್ನು, ಬಹುಮಟ್ಟಿಗೆ ಪುದುಚ್ಚೇರಿ ಕಾರೈಕಾಲುಗಳ ಬಂದರುಗಳಿಂದ, ಕರಾರಿನ ಮೇಲೆ ಆ ದ್ವೀಪಕ್ಕೆ ಸಾಗಿಸಿದರು. ಅವರಲ್ಲಿ ತಮಿಳರೇ ಹೆಚ್ಚು. ಕಬ್ಬು ಹೋದ ದಾರಿಯಲ್ಲಿಯೇ ನಮ್ಮ ದೇಶದ ಬಡವರೂ ಹೋದರೆಂಬುದನ್ನು ಈ ಪ್ರಸಂಗದಲ್ಲಿ ಮರೆಯಲಾಗದು.

ಹಸಿ ರಸದ ರಮ್ಮು ಪ್ರಾಧಾನ್ಯಕ್ಕೆ ಬಂದುದು ಇದಾದಮೇಲೆ. ಯುರೋಪಿನಲ್ಲಿ ಬೀಟುಗಡ್ಡೆಯ ಸಕ್ಕರೆಯು ಹೆಚ್ಚಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಬ್ಬಿನ ಸಕ್ಕರೆಯ ಬೆಲೆಯು ಕುಸಿಯಿತು. ಸಕ್ಕರೆಯನ್ನು ಮಾಡಿ ನಷ್ಟಪಡುವುದಕ್ಕಿಂತ ರಸವನ್ನೇ ನೇರವಾಗಿ ಭಟ್ಟಿಗೆ ಇಳಿಸುವುದು ಲೇಸೆಂದು ಹಲವರು ತೋಟದ ಒಡೆಯರಿಗೆ ತೋರಿತು. ೧೮೮೭ರಲ್ಲಿ ಒಮೇರ್ ಕ್ಲೆಮಾ ಎಂಬ ವೈದ್ಯನು ಕೊಂಡ ತೋಟವು ಈ ಪದ್ಧತಿಯಿಂದ ಹೆಸರಾಯಿತು. ೧೯೦೨ನೆಯ ಇಸವಿ ಮೇ ೮ರಂದು ಪೆಲೇ ಎಂಬ ಅಗ್ನಿಪರ್ವತವು ಸಿಡಿದು, ರಮ್ಮಿನ ವ್ಯಾಪಾರಕ್ಕೆ ಕೇಂದ್ರವಾಗಿದ್ದ ಸೇಂಟ್ ಪಿಯೇರ್ ಪಟ್ಟಣವನ್ನು ಸುಮಾರು ೨೮,೦೦೦ ಜನರೊಡನೆ ಬೂದಿಮಾಡಿತು. ಅಲ್ಲಿ ಕಾಕಂಬಿಯಿಂದ ರಮ್ಮನ್ನು ಮಾಡುತ್ತಿದ್ದ ಅನೇಕ ಭಟ್ಟಿಗಳೂ ಅದರೊಡನೆ ನಾಶವಾದುವು. ಆಮೇಲೆ ತೋಟಗಳ ಹಸಿ ರಸದ ರಮ್ಮಿನ ಸ್ಥಾನವು ಬೆಳೆಯಿತು. ಫ್ರೆಂಚ್ ಭಾಷೆಯಲ್ಲಿ ಇದನ್ನು ‘ಕೃಷಿಯ ರಮ್ಮು’ ಎಂದೂ ಕಾಕಂಬಿಯದನ್ನು ‘ಉದ್ಯಮದ ರಮ್ಮು’ ಎಂದೂ ಕರೆಯುವ ವಾಡಿಕೆಯಾಯಿತು.

೧೯೯೬ನೆಯ ನವೆಂಬರ್ ತಿಂಗಳಲ್ಲಿ ಫ್ರಾನ್ಸಿನ ಸರಕಾರವು ಮಾರ್ತಿನೀಕಿನ ಈ ರಮ್ಮಿಗೆ ಸ್ಥಳನಾಮದ ರಕ್ಷಣೆಯನ್ನು ಕೊಟ್ಟಿತು. ನಿಬಂಧನೆಗಳು ಕಠಿನವಾಗಿವೆ. ಗೊತ್ತುಪಡಿಸಿದ ಪ್ರದೇಶದ ಕಬ್ಬೇ ಆಗಬೇಕು. ರಸದಲ್ಲಿ ನೂರಕ್ಕೆ ೧೪ ಭಾಗಕ್ಕೆ ಕಡಮೆಯಿಲ್ಲದಂತೆ ಕರಗಿದ ಘನಾಂಶವಿರಬೇಕು. ಹುದುಗಿಗೆ ಇಡುವ ರಸಕ್ಕೆ ಪಾಕವನ್ನಾಗಲಿ ಕಾಕಂಬಿಯನ್ನಾಗಲಿ ಸೇರಿಸಕೂಡದು. ಭಟ್ಟಿಯಿಂದ ಇಳಿದಾಗ ಮದ್ಯಸಾರವು ನೂರಕ್ಕೆ ೬೫ರಿಂದ ೭೫ರೊಳಗೆ ಇರಬೇಕು. ಬಿಳಿಯ ರಮ್ಮನ್ನು ೬ ವಾರಗಳಾದರೂ ವಿಶ್ರಮಿಸಲು ಬಿಡಬೇಕು; ‘ಹಳೆಯದು’ ಎಂದು ಕರೆಯಬೇಕಾದರೆ ೩ ವರ್ಷಗಳಾದರೂ ಮರದ ಪೀಪಾಯಿಯಲ್ಲಿಡಬೇಕು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಹಸಿ ರಸದ ರಮ್ಮೆಲ್ಲವೂ ಸಣ್ಣ ಹಂಡೆಯಲ್ಲಿ ಆದುದೆಂದು ತಿಳಿಯಬಾರದು. ಮಾರ್ತಿನೀಕಿನ ನಿಬಂಧನೆಯೇ ಅವಿಚ್ಛಿನ್ನವಾಗಿ ನಡೆಯುವ ಸ್ತಂಭಾಕಾರದ ಯಂತ್ರವನ್ನು ವಿಧಿಸುತ್ತದೆ. ರಸವು ಹಸಿಯದೇ ಎಂಬುದು ಒಂದು ಪ್ರಶ್ನೆ. ಹಂಡೆಯು ಸಣ್ಣದೇ ಎಂಬುದು ಇನ್ನೊಂದು ಪ್ರಶ್ನೆ.

೩. ಸಣ್ಣ ಹಂಡೆಯವರು

ಎರಡಕ್ಕೂ ಹೌದೆನ್ನುವ ಮದ್ಯವನ್ನು ನೋಡಬೇಕಾದರೆ ಹೈತಿ ದೇಶಕ್ಕೆ ಹೋಗಬೇಕು. ಅಲ್ಲಿ ಹಳ್ಳಿಹಳ್ಳಿಗಳಲ್ಲಿ ನೂರಾರು ಸಣ್ಣ ಭಟ್ಟಿಗಳುಂಟು. ಅವುಗಳಿಗೆ ಇಂದಿಗೂ ‘ಗಿಲ್ದೀವ್’ ಎಂದೇ ಹೆಸರು. ಮದ್ಯದ ಹೆಸರು ಭಟ್ಟಿಯ ಹೆಸರಾಗಿ ಉಳಿದ ಈ ಲಕ್ಷಣೆಯು ಭಾಷಾಪ್ರಿಯರ ಗಮನಕ್ಕೆ ತಕ್ಕುದು. ಅಲ್ಲಿಯ ಮದ್ಯವು ‘ಕ್ಲೆರಾ’, ಎಂದರೆ ತಿಳಿಯಾದುದು. ಅನೇಕ ಕಡೆ ಹೊರಗಿನಿಂದ ಹುದುಗನ್ನು ಹಾಕುವುದೇ ಇಲ್ಲ. ಕಬ್ಬಿನ ಮೈಮೇಲೂ ಗಾಳಿಯಲ್ಲೂ ಇರುವ ಯೀಸ್ಟುಗಳೇ ರಸವನ್ನು ಹಲವು ದಿನ ಹುದುಗಿಸುತ್ತವೆ. ಅರೆದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಬಾರಾದೇರ್ ಎಂಬಲ್ಲಿ ಹುದುಗುವ ರಸಕ್ಕೆ ಮಜ್ಜಿಗೆಹುಲ್ಲು, ದಾಲ್ಚಿನ್ನಿ, ಶುಂಠಿಗಳನ್ನು ಸೇರಿಸುವ ಪದ್ಧತಿಯೂ ಉಂಟು. ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಲ್ಲಿ, ಮುಖ್ಯವಾಗಿ ಸಾಂತೂ ಅಂತಾವ್‌ನಲ್ಲಿ, ಎತ್ತುಗಳನ್ನು ಕಟ್ಟಿದ ಗಾಣದಿಂದ ಇಳಿಸಿದ ರಸದಿಂದ ‘ಗ್ರೋಗ್’ ಎಂಬ ಮದ್ಯವನ್ನು ಮಾಡುವುದು ಪರಂಪರೆಯಾಗಿ ಬಂದಿದೆ. ನಮ್ಮ ಎತ್ತಿನ ಗಾಣವನ್ನು ಕಂಡವನಿಗೆ ಆ ದೃಶ್ಯವು ಅಪರಿಚಿತವಾಗಿ ತೋರದು. ಬ್ರಜಿಲ್ ದೇಶದ ‘ಕಶಾಸ’ವೂ ಹಸಿ ರಸದ್ದೇ, ೨೦೦೩ರ ಅಲ್ಲಿಯ ರಾಜಾಜ್ಞೆಯಂತೆ ಅದರಲ್ಲಿ ಮದ್ಯಸಾರವು ನೂರಕ್ಕೆ ೩೮ರಿಂದ ೪೮ರವರೆಗೆ ಇರಬೇಕು. ಮಿನಾಸ್ ಜೆರಾಯಿಸ್ ಪ್ರಾಂತದ ಹಳ್ಳಿಗರು ಮೆಕ್ಕೆಜೋಳದ ಹಿಟ್ಟಿನಿಂದ ಹುದುಗನ್ನು ಎಬ್ಬಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿಯಿಳಿಸುತ್ತಾರೆ.

ಕೆಲಸದ ಕ್ರಮವು ಎಲ್ಲ ಕಡೆಗೂ ಸ್ಥೂಲವಾಗಿ ಒಂದೇ. ಯೀಸ್ಟು ಮೊದಲು ಕಬ್ಬಿನ ಸಕ್ಕರೆಯನ್ನು ಎರಡು ಸರಳ ಸಕ್ಕರೆಗಳಾಗಿ ಒಡೆದು, ಆಮೇಲೆ ಅವನ್ನು ಮದ್ಯಸಾರವಾಗಿಯೂ ಅಂಗಾರಾಮ್ಲವಾಯುವಾಗಿಯೂ ಮಾರ್ಪಡಿಸುತ್ತದೆ. ಜೊತೆಗೆ ಪರಿಮಳಕ್ಕೆ ಕಾರಣವಾದ ಬೇರೆ ದ್ರವ್ಯಗಳೂ ಹುಟ್ಟುತ್ತವೆ. ಹೀಗೆ ಹುದುಗಿದ ರಸದಲ್ಲಿ ಮದ್ಯಸಾರವು ನೂರಕ್ಕೆ ೫ರ ಆಸುಪಾಸಿನಲ್ಲಿರುತ್ತದೆ. ಅದನ್ನು ಕಾಯಿಸಿದರೆ, ೭೮ ಡಿಗ್ರಿಗೆ ಕುದಿಯುವ ಮದ್ಯಸಾರವು ೧೦೦ ಡಿಗ್ರಿಗೆ ಕುದಿಯುವ ನೀರಿಗಿಂತ ಮುಂದಾಗಿ ಆವಿಯಾಗುವುದು. ಆ ಆವಿಯನ್ನು ತಣಿಸಿದರೆ ತೀಕ್ಷ್ಣವಾದ ಮದ್ಯವು ಇಳಿಯುವುದು. ನೂರಕ್ಕೆ ೫೦ ಭಾಗ ಸಾರವುಳ್ಳ ಒಂದು ಲೀಟರು ಮದ್ಯಕ್ಕೆ, ಏನೂ ನಷ್ಟವಾಗದಿದ್ದರೂ, ಹತ್ತು ಲೀಟರು ಹುದುಗಿದ ರಸವು ಬೇಕು. ಸಣ್ಣ ಹಂಡೆಯಲ್ಲಿ ಇಳಿಸುವವನು ಮೊದಲು ಬರುವ ತೀಕ್ಷ್ಣವಾದ ಭಾಗವನ್ನು ತೆಗೆದುಹಾಕಿ, ನಡುವಣ ಭಾಗವನ್ನು ಹಿಡಿದು, ಕೊನೆಯ ಭಾರವಾದ ಭಾಗವನ್ನು ಬೇರೆಯಿಡುತ್ತಾನೆ. ಬ್ರಜಿಲಿನವರು ಇವನ್ನು ತಲೆ, ಹೃದಯ, ಬಾಲ ಎನ್ನುತ್ತಾರೆ. ಎಲ್ಲಿ ತಲೆ ಮುಗಿಯಿತು, ಎಲ್ಲಿ ಬಾಲ ಹುಟ್ಟಿತು ಎಂಬುದನ್ನು ಮೂಗಿನಿಂದಲೂ ನಾಲಿಗೆಯಿಂದಲೂ ಅರಿಯುವುದೇ ಆ ವೃತ್ತಿಯ ಪಾಂಡಿತ್ಯವು. ಇನ್ನು ರುಚಿಯ ಭೇದ: ಬಹಳವಾಗಿ ಕುದಿದ ಕಾಕಂಬಿಯಲ್ಲಿ ಸುಟ್ಟ ಸಕ್ಕರೆಯ ವಾಸನೆಯು ನಿಲ್ಲುತ್ತದೆ, ಹಸಿ ರಸದ ಮದ್ಯದಲ್ಲಿ ಕಬ್ಬಿನ ಹಸುರು ಪರಿಮಳವು ಉಳಿಯುತ್ತದೆಂದು ಅದನ್ನು ಬಲ್ಲವರ ಅಭಿಪ್ರಾಯ.

೪. ಶೀತರಸ, ಪಕ್ವರಸ

ಈಗ ನಮ್ಮ ಶಾಸ್ತ್ರಗಳನ್ನು ತೆರೆಯೋಣ. ಚರಕಸಂಹಿತೆಯ ಸೂತ್ರಸ್ಥಾನದ ೨೭ನೆಯ ಅಧ್ಯಾಯದಲ್ಲಿ ಮದ್ಯಗಳ ಗುಣಗಳನ್ನು ಹೇಳುವಾಗ ‘ಪಕ್ವರಸ’, ‘ಶೀತರಸಿಕ’ ಎಂದು ಎರಡು ಮದ್ಯಗಳನ್ನು ಬೇರೆಬೇರೆಯಾಗಿ ಎಣಿಸಿ, ಬೇರೆಬೇರೆ ಗುಣಗಳನ್ನು ಹೇಳಿದೆ. ಬೇಯಿಸಿದ ಕಬ್ಬಿನ ರಸದಿಂದಾದುದು ಮೊದಲನೆಯದು, ಬೇಯಿಸದ ರಸದಿಂದಾದುದು ಎರಡನೆಯದು ಎಂದು ಚಕ್ರಪಾಣಿದತ್ತನ ವ್ಯಾಖ್ಯಾನವು ಬಿಡಿಸಿ ಹೇಳುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯದಲ್ಲಿಯೂ ಈ ವಿಭಾಗವುಂಟು. ಅಲ್ಲಿ ಬೆಲ್ಲದಿಂದಾದ ಗೌಡ, ಸಕ್ಕರೆಯಿಂದಾದ ಶಾರ್ಕರ ಎಂಬ ಭೇದಗಳೂ ಬರುತ್ತವೆ. ಮನುಸ್ಮೃತಿಯ ೧೧ನೆಯ ಅಧ್ಯಾಯವು ಬೆಲ್ಲದ ಗೌಡಿಯನ್ನು ಮೂರು ವಿಧದ ಸುರೆಗಳಲ್ಲಿ ಒಂದಾಗಿ ಹೇಳಿ ದ್ವಿಜರಿಗೆ ನಿಷೇಧಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಸುರಾಧ್ಯಕ್ಷ ಪ್ರಕರಣದಲ್ಲಿ, ಬೇಲದ ಹಣ್ಣು ೧ ತುಲೆ, ಫಾಣಿತ ೫ ತುಲೆ, ಜೇನು ೧ ಪ್ರಸ್ಥ, ಇವುಗಳ ಯೋಗವು ಆಸವವೆಂದು ಪ್ರಮಾಣಸಹಿತವಾಗಿ ಹೇಳಿದೆ; ಬೆಲ್ಲ, ಹಿಪ್ಪಲಿ, ಮೆಣಸುಗಳು ಸೇರಿದ ಮೈರೇಯದ ವಿಧಿಯೂ ಅಲ್ಲಿಯೇ ಇದೆ. ಬಾರಾದೇರಿನ ಶುಂಠಿ ದಾಲ್ಚಿನ್ನಿಗಳನ್ನು ಓದಿದಾಗ ನನಗೆ ಈ ಪ್ರಕರಣವೇ ನೆನಪಾಯಿತು. ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಹುದುಗುವ ರಸಕ್ಕೆ ಕಟುದ್ರವ್ಯವನ್ನು ಸೇರಿಸುವ ಬುದ್ಧಿಯು ಎರಡು ಕಡೆಯೂ ಹುಟ್ಟಿತೆಂದಷ್ಟೆ.

ಇವುಗಳಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಹಸಿ ರಸಕ್ಕೂ ಕಾದ ರಸಕ್ಕೂ ಮದ್ಯದಲ್ಲಿ ಗುಣಭೇದವುಂಟೆಂಬ ವಿವೇಕವು ನಮ್ಮ ವೈದ್ಯರಿಗೆ ಬಹು ಪೂರ್ವದಲ್ಲಿಯೇ ಇತ್ತು, ಇದು ಮೊದಲನೆಯದು. ‘ಪಕ್ವರಸ’ವನ್ನು ಕಾಕಂಬಿಯೆಂದು ತಿಳಿಯಕೂಡದು, ಅದು ಸಕ್ಕರೆಯನ್ನು ತೆಗೆದುಕೊಂಡಮೇಲೆ ಉಳಿದುದಲ್ಲ, ಕಾಯಿಸಿದ ಪೂರ್ಣರಸವೇ, ಇದು ಎರಡನೆಯದು. ಆದ್ದರಿಂದ ಸೀಧುವು ‘ಕಾಕಂಬಿಯಿಂದ ಭಟ್ಟಿಯಿಳಿಸಿದ ಮದ್ಯ’ವೆಂಬ ಕೋಶವಾಕ್ಯದಲ್ಲಿ ‘ಕಾಕಂಬಿ’ಯೆಂಬ ಭಾಗವು ನಿಲ್ಲಲಾರದು.

೫. ಭಟ್ಟಿಯ ಪ್ರಶ್ನೆ

‘ಭಟ್ಟಿಯಿಳಿಸಿದ’ ಎಂಬ ಭಾಗವಾದರೂ ನಿಲ್ಲುವುದೇ? ಮೇಲೆ ಹೇಳಿದ ವಿಧಿಗಳಲ್ಲಿ ಕಾಣುವುದು ದ್ರವ್ಯಗಳನ್ನು ಕೂಡಿಸುವುದು, ಪಾತ್ರೆಯಲ್ಲಿ ಇಡುವುದು, ಹುದುಗು ಬಂದಮೇಲೆ ತಿಳಿಯನ್ನು ತೆಗೆಯುವುದು. ಆವಿಯನ್ನೆಬ್ಬಿಸಿ ತಣಿಸುವ ಮಾತು ಅಲ್ಲಿಲ್ಲ. ತಕ್ಷಶಿಲೆಯ ಅಗೆತದಲ್ಲಿ ಮಾರ್ಷಲ್ಲರಿಗೆ ದೊರೆತ ಮಣ್ಣಿನ ಪಾತ್ರೆಗಳನ್ನೂ ಶೈಖಾನ್ ಢೇರಿಯಲ್ಲಿ ದೊರೆತವನ್ನೂ ಆಧಾರವಾಗಿಟ್ಟುಕೊಂಡು, ಭಟ್ಟಿಯ ವಿದ್ಯೆಗೆ ಪ್ರಾಚೀನ ಭಾರತವೇ ತವರೆಂದು ಆಲ್ಚಿನ್ ಎಂಬ ವಿದ್ವಾಂಸರು ೧೯೭೯ರಲ್ಲಿ ವಾದಿಸಿದರು. ಅದನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಿದರೂ ಅದು ಗಾಂಧಾರದ ಪಾತ್ರೆಗಳಿಗೆ ಸಲ್ಲುವ ವಾದವೇ ಹೊರತು, ಚರಕಸುಶ್ರುತರ ಸೀಧುವು ಭಟ್ಟಿಯದೆಂಬುದಕ್ಕೆ ಪ್ರಮಾಣವಾಗದು. ನಮ್ಮ ಪೂರ್ವಿಕರೇ ರಮ್ಮನ್ನು ಕಂಡುಹಿಡಿದರೆಂದು ಅಭಿಮಾನದಿಂದ ಹೇಳುವವರು ಈ ಅಂತರವನ್ನು ಗಮನಿಸಬೇಕು. ಇಲ್ಲದ ಹಿರಿಮೆಯನ್ನು ಶಾಸ್ತ್ರದ ಮೇಲೆ ಹೊರಿಸಿದರೆ, ಶೀತರಸ ಪಕ್ವರಸಗಳ ವಿವೇಚನೆಯಂಥ ನಿಜವಾದ ಹಿರಿಮೆಯು ಮರೆಯಾಗಿಹೋಗುತ್ತದೆ.

ಈ ಭ್ರಾಂತಿಗೆ ಇಂದಿನ ಕನ್ನಡವೂ ಸಹಾಯ ಮಾಡುತ್ತಿದೆ. ಶಾಲೆಯ ವಿಜ್ಞಾನಗ್ರಂಥಗಳಲ್ಲಿ ಭಟ್ಟಿಯಿಳಿಸುವುದಕ್ಕೆ ‘ಆಸವನ’ವೆಂಬ ಪಾರಿಭಾಷಿಕ ಪದವುಂಟು. ಅದನ್ನು ಕಲಿತ ವಿದ್ಯಾರ್ಥಿಯು ಕಾವ್ಯದಲ್ಲಿ ‘ಆಸವ’ವನ್ನು ಕಂಡೊಡನೆ ಭಟ್ಟಿಯ ಮದ್ಯವೆಂದು ಬಗೆಯುವುದು ಸಹಜವೇ. ಆದರೆ ಆ ಧಾತುವಿನ ಅರ್ಥ ಹಿಂಡುವುದು. ಸೋಮವನ್ನು ಹಿಂಡುವ ‘ಸವನ’ದಲ್ಲಿರುವುದೂ ಅದೇ. ವೈದ್ಯರು ಇಂದಿಗೂ ಧಾತಕೀಪುಷ್ಪವನ್ನು ಹಾಕಿ ಮಾಡುವ ಆಸವ ಅರಿಷ್ಟಗಳು ಹುದುಗಿದುವೇ ಹೊರತು ಭಟ್ಟಿಯಿಳಿಸಿದುವಲ್ಲ. ಹೀಗೆಯೇ ಅಮರಕೋಶದಲ್ಲಿ ಮದ್ಯದ ಹುದುಗಿಗೆ ‘ಕಿಣ್ವ’ವೆಂದೂ ಹುದುಗಿಗಿಡುವ ಕ್ರಿಯೆಗೆ ‘ಸಂಧಾನ’ವೆಂದೂ ಹೆಸರಿದೆ. ಇಂದು ಕಿಣ್ವವು ಜೀವರಸಾಯನದ ಬೇರೊಂದು ವಸ್ತುವಿಗೆ ಸಂಕೇತವಾಗಿದೆ. ಸಂಧಾನವು ಜಗಳವಾಡುವವರ ನಡುವಣ ರಾಜಿಯಾಗಿದೆ. ಶಬ್ದವು ಅರ್ಥವನ್ನು ಬದಲಾಯಿಸುವುದು ದೋಷವಲ್ಲ. ಹೊಸ ಅರ್ಥವನ್ನು ಹಳೆಯ ಗ್ರಂಥದೊಳಕ್ಕೆ ನುಗ್ಗಿಸುವುದು ದೋಷ.

೬. ಉಪಸಂಹಾರ

ಹಾಗಾದರೆ ಪಾಠದಲ್ಲಿ ಏನೆಂದು ಹೇಳಬೇಕು? ನನ್ನ ಸೂಚನೆಯು ಇಷ್ಟು. ಸೀಧುವೆಂದರೆ ಮುಖ್ಯವಾಗಿ ಕಬ್ಬಿನ ರಸವನ್ನೋ ಅದರ ವಿಕಾರಗಳನ್ನೋ ಹುದುಗಿಸಿದ ಮದ್ಯ, ಭಟ್ಟಿಯದಲ್ಲ. ಅದರಲ್ಲಿ ಹಸಿ ರಸದ್ದು ಶೀತರಸ, ಕಾದ ರಸದ್ದು ಪಕ್ವರಸ, ಬೆಲ್ಲದ್ದು ಗೌಡ. ರಮ್ಮೆಂದರೆ ಕಬ್ಬಿನ ದ್ರವ್ಯವನ್ನು ಹುದುಗಿಸಿ ಭಟ್ಟಿಯಿಳಿಸಿದ ಮದ್ಯ. ಅದರಲ್ಲಿ ಹಸಿ ರಸದ್ದನ್ನು ‘ಶೀತರಸದ ರಮ್ಮು’ ಎಂದು ಕರೆದರೆ ಹಳೆಯ ವಿವೇಕಕ್ಕೂ ಹೊಸ ವಸ್ತುವಿಗೂ ಅನ್ಯಾಯವಾಗದು. ಮಾರ್ತಿನೀಕಿನ ತೊಟ್ಟಿಯಲ್ಲಿ ಹುದುಗಿ, ಇನ್ನೂ ಭಟ್ಟಿಗೆ ಹೋಗದೆ ನಿಂತಿರುವ ರಸವಿದೆಯಲ್ಲ, ಅದೇ ನಮ್ಮ ಶೀತರಸದ ಸೀಧುವಿಗೆ ಅತ್ಯಂತ ಸಮೀಪವಾದುದು. ಸೀಧುವು ಎಲ್ಲಿ ಮುಗಿಯುವುದೋ ಅಲ್ಲಿಂದ ರಮ್ಮು ಮೊದಲಾಗುವುದು.

ಈ ವಿವೇಚನೆಯು ಕೇವಲ ಗ್ರಂಥಸ್ಥವೆಂದು ಉದಾಸೀನ ಮಾಡುವಂತಿಲ್ಲ. ಹರಿಯಾಣದ ಇಂದ್ರಿಯಲ್ಲಿ ಕಬ್ಬಿನ ರಸದಿಂದಲೇ ಮಾಡಿ ೧೨ ವರ್ಷ ಪೀಪಾಯಿಯಲ್ಲಿಟ್ಟ ರಮ್ಮೊಂದು ೨೦೨೨ರಲ್ಲಿ ಹೊರಬಂದಿತು. ಅದರ ಹೆಸರನ್ನು ಅಮರನ ಸುವರ್ಣಪರ್ಯಾಯಗಳಲ್ಲೊಂದಾದ ‘ಚಾಮೀಕರ’ದಿಂದ ತೆಗೆದಿದ್ದಾರೆ. ಮೈಸೂರು ಸೀಮೆಯಲ್ಲಿ ೨೦೨೪ರಲ್ಲಿ ಬೆಲ್ಲದಿಂದ ಭಟ್ಟಿಯಿಳಿಸಿದ ‘ಹುಲಿ’ ಎಂಬ ಮದ್ಯವು ಬಂದಿತು. ದ್ರವ್ಯದಿಂದ ಅದು ಗೌಡವರ್ಗಕ್ಕೆ ಸೇರಿದುದು. ಇಂಥವು ಹೆಚ್ಚಿದಂತೆ ಹೆಸರುಗಳಿಗಾಗಿ ಜನರು ಸಂಸ್ಕೃತ ಕೋಶಗಳನ್ನೂ ಅವನ್ನು ಬಲ್ಲವರನ್ನೂ ಹುಡುಕಿಕೊಂಡು ಬರುವರು. ಆಗ ನಾವು ಸರಿಯಾದುದನ್ನು ಹೇಳುವಂತಿರಬೇಕು.

ಮದ್ಯಪಾನವನ್ನು ಪ್ರಶಂಸಿಸುವುದು ಈ ಲೇಖನದ ಉದ್ದೇಶವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಕುಡಿಯದವನಿಗೂ ಶಬ್ದಶುದ್ಧಿಯು ಬೇಕು. ಪ್ರಶ್ನೆಯನ್ನೆತ್ತಿದ ಆ ವಿದ್ಯಾರ್ಥಿಯು ಪಾಠಶಾಲೆಯನ್ನು ಬಿಟ್ಟು ಬಹುಕಾಲವಾಯಿತು. ಅವನಿಗೆ ಅಂದು ಕೊಡಲಾರದ ಉತ್ತರವನ್ನು ಇಂದು ಈ ಪತ್ರಿಕೆಯ ಮುಖಾಂತರ ಕೊಟ್ಟಿದ್ದೇನೆ. ಇದರಲ್ಲಿ ಸ್ಖಾಲಿತ್ಯಗಳಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.